ಬಿಸಿಲಿನ ಕಡೆಗೆ

ನವೆಂಬರ್ ಕೊನೆಯಲ್ಲಿ ಅಮೆರಿಕದ ಚಳಿನಾಡಾದ ಮಿನ್ನೆಸೋಟದಿಂದ, ಮನೆಯಂತೆ ವಾಸಿಸಬಹುದಾದ ವಾಹನವಾದ ಮೋಟರ್‌ಹೋಮ್‌ನಲ್ಲಿ ಹೊರಟು, ಚಳಿಗಾಲವನ್ನು ಅರಿಜೋನಾದ ಕ್ವಾರ್ಟ್‌ಸೈಟ್ ಬಳಿ ಕಳೆಯಲು ನಾವಿಬ್ಬರೂ ನಿಶ್ಚಯಿಸಿದ್ದೇವೆ. ಅಲ್ಲಿನ ಲಾ ಪೋಸಾ ಎಂಬ ಸರ್ಕಾರಿ ಮರುಭೂಮಿ ಪ್ರದೇಶದಲ್ಲಿ ಸೆಪ್ಟೆಂಬರ್ 15ರಿಂದ ಏಪ್ರಿಲ್ 15ರವರೆಗೆ ಒಂದೇ ಪರವಾನಗಿಯ ಮೇಲೆ ತಿಂಗಳುಗಟ್ಟಲೆ ತಂಗಬಹುದಾದರೂ, ವಿದ್ಯುತ್ತಿಗೆ ನಮ್ಮ ಸೋಲಾರ್ ಫಲಕಗಳನ್ನೇ ನೆಚ್ಚಬೇಕು. ನನಗೆ ಹೆಚ್ಚು ಯೋಚನೆಯಿರುವುದು ನೀರಿನದು: ಹೊರಡುವಾಗಲೇ ಟ್ಯಾಂಕ್ ತುಂಬಿಸಿದರೆ ದಾರಿಯ ರಾತ್ರಿಗಳಲ್ಲಿ ನೀರು ಹೆಪ್ಪುಗಟ್ಟಿ ಪೈಪುಗಳು ಒಡೆಯುವ ಅಪಾಯವಿರುವುದರಿಂದ, ಅವುಗಳಲ್ಲಿರುವ ಗುಲಾಬಿ ಬಣ್ಣದ ಆಂಟಿಫ್ರೀಜ್ (ಚಳಿಗೆ ಸುಲಭವಾಗಿ ಹೆಪ್ಪುಗಟ್ಟದ) ದ್ರವವನ್ನು ಹಾಗೆಯೇ ಬಿಟ್ಟು, ಚಳಿಯ ಸೀಮೆ ದಾಟುವವರೆಗೂ ಅಡುಗೆಗೆ ಕ್ಯಾನಿನ ನೀರನ್ನೇ ಬಳಸಬೇಕಾಗುತ್ತದೆ. ಬಳ್ಳಾರಿಯಲ್ಲಿದ್ದಾಗ ದಿನವೂ ಶಪಿಸುತ್ತಿದ್ದ ಬಿಸಿಲನ್ನು (ಮೇ ತಿಂಗಳಿನದನ್ನು ಈಗಲೂ ಶಪಿಸುತ್ತೇನೆ) ಹೀಗೆ ನಕ್ಷೆ ಹರಡಿಕೊಂಡು ಹುಡುಕುತ್ತಿರುವುದಕ್ಕೆ ನನಗೇ ನಗು ಬರುತ್ತದೆ. ಮನೆಗೆ ಬರುವ ಅಂಚೆಯನ್ನು ಮಗಳ ವಿಳಾಸಕ್ಕೆ ತಿರುಗಿಸುವ ಕೆಲಸವೊಂದು ಇನ್ನೂ ಬಾಕಿಯಿದೆ.