ಹೊನ್ನೆ ಬೇರಿನ ಚಕ್ಕುಲಿ

ಆಷಾಢದ ಗಾಳಿಗೆ ಮೂರು ವರ್ಷದ ಹೊನ್ನೆ ಗಿಡವೊಂದು ಮಲಗಿಬಿಟ್ಟಿತು. ಮುರಿದಿರಲಿಲ್ಲ, ಬುಡ ಸಮೇತ ವಾಲಿತ್ತು. ಎತ್ತಿ ನಿಲ್ಲಿಸೋಣ ಅಂತ ಹಿಡಿದರೆ ಗಿಡ ಪೂರ್ತಿ ಕೈಗೇ ಬಂತು, ಮೂಲಂಗಿ ಕಿತ್ತ ಹಾಗೆ.

ಬೇರಿನ ಮಣ್ಣು ತೊಳೆದು ನೋಡಿದೆ. ತಾಯಿಬೇರು ಒಂದು ಗೇಣು ಇಳಿದು, ಅಲ್ಲಿಂದ ಎರಡೂವರೆ ಸುತ್ತು ಸುತ್ತಿತ್ತು. ಥೇಟ್ ಚಕ್ಕುಲಿ. ಅಗಲ ಅಳೆದರೆ ಸರಿಯಾಗಿ ನರ್ಸರಿ ಕವರಿನ ತಳದಷ್ಟೇ! ಗುಂಡಿ, ಗೊಬ್ಬರ, ಪಾತಿ ಅಂತ ನಾನು ಮೇಲೆ ಮಾಡಿದ ಸೇವೆಯೆಲ್ಲ ಅದಕ್ಕೆ ಲೆಕ್ಕಕ್ಕೇ ಇಲ್ಲ.

ಪಕ್ಕದ ಹೊಲದ ಅಣ್ಣ ಬಂದು, "ಬುಡಿ, ನಮ್ ಬ್ಯಾರನ್‌ಗಾದ್ರೂ ಆಯ್ತದೆ" ಅಂದರು. ಬ್ಯಾರನ್ ಅಂದರೆ ಹೊಗೆಸೊಪ್ಪನ್ನು ಕಾವಿನಲ್ಲಿ ಬೇಯಿಸಿ ಒಣಗಿಸೋ ಮನೆ. ನಮ್ಮ ಹುಣಸೂರು ಕಡೆ ಅದಕ್ಕೆ ಸೌದೆ ಎಷ್ಟಿದ್ದರೂ ಸಾಲದು. ಕೊಡಲಿಲ್ಲ. ಅವರ ಬ್ಯಾರನ್ ಗೋಡೆಗೇ ಒರಗಿಸಿ ಒಣಗಿಸಿ ತೂಗಿದೆ: 4 ಕೆಜಿ. ಒಣ ಮರದಲ್ಲಿ ಸುಮಾರು ಅರ್ಧ ಇಂಗಾಲ, ಅಂದರೆ 2 ಕೆಜಿ. ಒಂದು ಕೆಜಿ ಇಂಗಾಲಕ್ಕೆ 3.67 ಕೆಜಿ ಕಾರ್ಬನ್ ಡೈಆಕ್ಸೈಡ್ ಲೆಕ್ಕದಲ್ಲಿ, ಗಾಳಿಯಿಂದ ಎಳೆದುಕೊಂಡದ್ದು 7 ಕೆಜಿ ಚಿಲ್ಲರೆ. ಮೂರು ವರ್ಷದ ಉಳಿತಾಯ ಇಷ್ಟು. ಅದೂ ಒಲೆಗೆ ಹೋದರೆ ವಾಪಸ್ ಗಾಳಿಗೆ.

ಗಿಡ ಕೊಟ್ಟ ನರ್ಸರಿಗೆ ಫೋನ್ ಮಾಡಿದೆ. "ನಿಮ್ಮ ಮಣ್ಣು ಸರಿ ಇಲ್ಲ ಸಾರ್" ಅಂದರು. ಒಂದು ವರ್ಷದ ಗಿಡ ಅಂದಿದ್ದು ಎರಡು ವರ್ಷವಾದರೂ ಕವರಲ್ಲೇ ಕೂತಿರಬೇಕು. ಎತ್ತರ ಇದೆ ಅಂತ ಜಾಸ್ತಿ ದುಡ್ಡು ಬೇರೆ ಕೊಟ್ಟಿದ್ದೆ. ಎತ್ತರ ನೋಡಿ ಗಿಡ ತರೋರು ನನ್ನಂಥ ಪೆದ್ದರು ಮಾತ್ರ.

ಉಳಿದ 60 ಗಿಡಗಳನ್ನು ಒಂದೊಂದಾಗಿ ಹಿಡಿದು ಅಲ್ಲಾಡಿಸಿದೆ. 14 ಗಿಡ ಬುಡದಲ್ಲೇ ಓಲಾಡಿದವು, ಹಾಲುಹಲ್ಲಿನ ಹಾಗೆ. ಎರಡರ ಬುಡ ಬಿಡಿಸಿ, ಸುತ್ತಿದ ಬೇರು ಕತ್ತರಿಸಿದೆ. ಒಂದು ಹದಿನೈದು ದಿನದಲ್ಲಿ ಒಣಗಿತು. ಇನ್ನೊಂದು ಎಲೆ ಉದುರಿಸಿಕೊಂಡು ನನ್ನನ್ನೇ ನೋಡುತ್ತಿದೆ. ಕವರಿನಿಂದ ತೆಗೆದ ದಿನವೇ ತಳದ ಸುರುಳಿ ಕತ್ತರಿಸಬೇಕಿತ್ತು. ಈಗ ತಡ. ಗೂಟ ಕಟ್ಟಿದರೆ ನಿಲ್ಲೋದು ಗೂಟ, ಗಿಡ ಅಲ್ಲ.

ಕೊನೆಗೆ ಸಿಟ್ಟಿಗೆ ಬೀಜವನ್ನೇ ಗುಂಡಿಗೆ ಹಾಕಿದೆ. ಬೇಸಿಗೆಯಲ್ಲಿ ಆಯ್ದಿಟ್ಟ ಹೊನ್ನೆ ಕಾಯಿ ಒಂದು ಡಬ್ಬಿ ಇತ್ತು. ಸುತ್ತಲಿನ ರೆಕ್ಕೆ ಕತ್ತರಿಸಿ, ಒಂದು ರಾತ್ರಿ ನೆನೆಸಿ, ಗುಂಡಿಗೆ ಮೂರರಂತೆ ಊರಿದೆ. 20 ಗುಂಡಿಯಲ್ಲಿ 9ರಲ್ಲಿ ಮೊಳಕೆ ಬಂತು. ಎರಡು ನವಿಲಿನ ಪಾಲು. ಈಗ ಮೇಲೆ ಜಾಲಿ ಮುಳ್ಳು ಮುಚ್ಚಿದ್ದೇನೆ.

ಮೂರೂ ಹುಟ್ಟಿದ್ದ ಒಂದು ಗುಂಡಿಯಿಂದ ನಿನ್ನೆ ಒಂದು ಸಸಿಯನ್ನು ಮೆಲ್ಲಗೆ ಅಗೆದೆ. ಮೇಲೆ ನಾಲ್ಕು ಬೆರಳು. ಕೆಳಗೆ ಒಂದೂವರೆ ಗೇಣು ಬೇರು, ದಾರಕ್ಕೆ ಕಲ್ಲು ಕಟ್ಟಿ ಇಳಿಬಿಟ್ಟಷ್ಟು ನೆಟ್ಟಗೆ! ಅಲ್ಲೇ ಮಣ್ಣಲ್ಲಿ ಕೂತು ಐದು ನಿಮಿಷ ಸುಮ್ನೆ ನೋಡಿದೆ.

ಇದೇ ಹುರುಪಲ್ಲಿ ಮುಂದೆ ಅಳಲೆ. ಅದರ ಓಟೆ ಕಲ್ಲಿನಂಥದ್ದು, ಹಾಗೇ ಹಾಕಿದರೆ ಮೊಳಕೆ ಅಪರೂಪ. ತಿರುಳಿಗೆ ತಾಗದಂತೆ ದಪ್ಪ ತುದಿ ಚೂರು ಕತ್ತರಿಸಿ, 36 ಗಂಟೆ ತಣ್ಣೀರಲ್ಲಿ ನೆನೆಸಬೇಕು. ಕಟಿಂಗ್ ಪ್ಲೇಯರ್‌ನಲ್ಲಿ ಹತ್ತು ಓಟೆ ಹಿಡಿದೆ, ಹತ್ತೂ ಪುಡಿ. ಈಗ ಅಜ್ಜಿಯ ಅಡಕತ್ತರಿ ಮೇಲೆ ಕಣ್ಣಿದೆ. ಅಜ್ಜಿಗೆ ಇನ್ನೂ ಹೇಳಿಲ್ಲ.