ಕಮರಿಯೊಳಗೆ ಅರ್ಧ ದಿನ: ಹೊರಡುವವರಿಗೆ ನಾನು ಕಂಡದ್ದು, ಕಲಿತದ್ದು

ಕಮರಿಯಲ್ಲಿ ದಾರಿ ತಪ್ಪುವುದು ಕಷ್ಟ. ಎಡಕ್ಕೆ ಬಂಡೆಗೋಡೆ, ಬಲಕ್ಕೆ ಬಂಡೆಗೋಡೆ, ನಡುವೆ ಹಳ್ಳ. ಹಳ್ಳದ ಜೊತೆ ಮೇಲೆ ಹತ್ತಿದರೆ ಒಳಗೆ, ಅದರ ಜೊತೆಗೇ ಇಳಿದರೆ ಹೊರಗೆ. ಹಾಗಿದ್ದ ಮೇಲೆ ದುಡ್ಡು ಕೊಟ್ಟು ಗೈಡ್ ಯಾಕೆ ಅಂತ ಬುಕ್ ಮಾಡುವಾಗ ನನಗೂ ಅನಿಸಿತ್ತು. ಐದು ಗಂಟೆ ನಡೆದು ಹೊರಗೆ ಬರುವಷ್ಟರಲ್ಲಿ ಉತ್ತರ ಸಿಕ್ಕಿತ್ತು. ಕಮರಿಯಲ್ಲಿ ಗೈಡ್‌ನ ನಿಜವಾದ ಕೆಲಸ ನೀರು ನೋಡುವುದು. ಎಷ್ಟು ದೂರ ಒಳಗೆ ಹೋಗಬಹುದು, ಯಾವಾಗ ಎದ್ದು ಬಂದುಬಿಡಬೇಕು ಅನ್ನೋದನ್ನು ಅವರು ನೀರು ನೋಡಿಯೇ ಹೇಳುತ್ತಾರೆ.

ಹಾಗಾಗಿ ಗೈಡ್ ಆರಿಸುವುದರಿಂದಲೇ ಶುರು ಮಾಡುತ್ತೇನೆ. ಇದಕ್ಕಿಂತ ಹಿಂದೆ ಇನ್ನೊಂದು ಕಮರಿಗೆ ಹೋಗಿದ್ದೆ. ಮೂವತ್ತು ಜನರ ಗುಂಪು, ಒಬ್ಬರೇ ಗೈಡ್. ಅವರು ಒಂದು ತಿರುವು ದಾಟಿದರೆ ಸಾಕು, ಹಿಂದಿದ್ದವರಿಗೆ ಅವರು ಕಾಣುತ್ತಲೂ ಇರಲಿಲ್ಲ, ಅವರ ಮಾತು ಕೇಳಿಸುತ್ತಲೂ ಇರಲಿಲ್ಲ. ನಮ್ಮಲ್ಲಿ ಒಬ್ಬರ ಕಾಲು ಉಳುಕಿತು. ಅದು ಗೈಡ್‌ಗೆ ತಿಳಿಯಲು ಇಪ್ಪತ್ತು ನಿಮಿಷ ಬೇಕಾಯಿತು. ಅಷ್ಟು ಜನರ ಗಲಾಟೆಯಲ್ಲಿ ಒಂದು ಹಕ್ಕಿಯೂ ಕಾಣಲಿಲ್ಲ.

ಈ ಸಲ ದುಡ್ಡು ಕಟ್ಟುವ ಮೊದಲೇ ಫೋನ್ ಮಾಡಿ ಮೂರು ಪ್ರಶ್ನೆ ಕೇಳಿದೆ. ಗುಂಪಿನಲ್ಲಿ ಎಷ್ಟು ಜನ? ಈ ವಾರ ನೀವು ಆ ದಾರಿಯಲ್ಲಿ ನಡೆದಿದ್ದೀರಾ? ಮಳೆ ಬಂದರೆ ಏನು ಮಾಡುತ್ತೀರಿ? ಕೊನೆಯ ಪ್ರಶ್ನೆಗೆ ಬರುವ ಉತ್ತರವನ್ನು ಗಮನವಿಟ್ಟು ಕೇಳಿ. "ಏನೂ ಆಗಲ್ಲ, ರೇನ್‌ಕೋಟ್ ತನ್ನಿ" ಅಂದರೆ ಬೇರೆಯವರನ್ನು ಹುಡುಕಿ. ನನಗೆ ಸಿಕ್ಕವರು, "ಇಲ್ಲಿ ಬಿಸಿಲಿದ್ದರೂ ಮೇಲೆ ಬೆಟ್ಟದಲ್ಲಿ ಮಳೆ ಇದ್ದರೆ ನಾನು ಇಳಿಯಲ್ಲ. ಬೆಳಿಗ್ಗೆ ಆರಕ್ಕೆ ಫೋನ್ ಮಾಡಿ ಹೇಳ್ತೀನಿ" ಅಂದರು. ಆ ಒಂದು ಮಾತಿಗೇ ಒಪ್ಪಿಕೊಂಡೆ. ರದ್ದಾದರೆ ದುಡ್ಡು ವಾಪಸ್ ಬರುತ್ತದಾ, ಬೇರೆ ದಿನ ಕೊಡುತ್ತಾರಾ ಅನ್ನೋದನ್ನೂ ಆಗಲೇ ಕೇಳಿಕೊಳ್ಳಿ. ದುಡ್ಡು ಹೋಗುತ್ತದೆ ಅಂತಿದ್ದರೆ ಮೋಡ ಕಂಡರೂ ನಾವೇ "ಹೋಗೋಣ ಬನ್ನಿ" ಅಂತ ಗೈಡ್‌ಗೆ ಒತ್ತಾಯ ಮಾಡಿಬಿಡುತ್ತೇವೆ.

ಎಲ್ಲೋ ಬೀಳುವ ಮಳೆಗೆ ಇಷ್ಟೊಂದು ಹೆದರಬೇಕಾ? ಹೆದರಬೇಕು. ಅಮೆರಿಕದ ಅರಿಜೋನಾದಲ್ಲಿ ಆಂಟೆಲೋಪ್ ಕ್ಯಾನ್ಯನ್ ಅಂತ ತುಂಬಾ ಇಕ್ಕಟ್ಟಾದ ಕಮರಿ ಇದೆ. 1997ರ ಆಗಸ್ಟ್ 12ರಂದು ಅಲ್ಲಿ ದಿಢೀರನೆ ಪ್ರವಾಹ ನುಗ್ಗಿ 11 ಪ್ರವಾಸಿಗರು ತೀರಿಕೊಂಡರು. ಜೋರು ಮಳೆ ಸುರಿದದ್ದು ಕಮರಿಯ ಮೇಲಲ್ಲ, ಕಿಲೋಮೀಟರ್‌ಗಟ್ಟಲೆ ದೂರದಲ್ಲಿ. ವಿಶಾಲವಾದ ಜಾಗದಲ್ಲಿ ಬಿದ್ದ ನೀರೆಲ್ಲ ಒಂದು ಸಣ್ಣ ಬಾಯಿಗೆ ಬಂದು ಸೇರುತ್ತದೆ, ಲಾಳಿಕೆಗೆ ಬಿಂದಿಗೆ ಬಗ್ಗಿಸಿದ ಹಾಗೆ. ಒಳಗಿದ್ದವರಿಗೆ ತಲೆ ಮೇಲೆ ಒಂದು ಪಟ್ಟಿಯಷ್ಟು ಆಕಾಶ ಮಾತ್ರ ಕಾಣುತ್ತದೆ. ಆ ಪಟ್ಟಿ ನೀಲಿಯಾಗಿದ್ದರೆ ಹವಾಮಾನ ಚೆನ್ನಾಗಿದೆ ಅಂತಲ್ಲ. ಹಿಂದಿನ ಎರಡು ಮೂರು ದಿನದ ಮಳೆಯನ್ನೂ ಮೇಲಿನ ಬೆಟ್ಟಗಳ ಮುನ್ಸೂಚನೆಯನ್ನೂ ನೋಡಿಯೇ ಹೊರಡಿ.

ಬೆಳಿಗ್ಗೆ ಆರಕ್ಕೆ ಸರಿಯಾಗಿ ಫೋನ್ ಬಂತು. ಏಳೂವರೆಗೆ ಕಮರಿಯ ಬಾಯಲ್ಲಿದ್ದೆವು. ಗೈಡ್ ಸೇರಿ ಏಳು ಜನ. ಬೇಗ ಹೊರಡುವುದು ಒಳ್ಳೆಯದು. ಸೆಕೆಗಾಲದ ಗುಡುಗು ಮಳೆ ಸಾಮಾನ್ಯವಾಗಿ ಮಧ್ಯಾಹ್ನದ ಮೇಲೆ ಕಟ್ಟುತ್ತದೆ. ಅಷ್ಟರಲ್ಲಿ ಹೊರಗಿರಬೇಕು.

ಹೋಗುವಾಗ 3 ಕಿಲೋಮೀಟರ್, ಬರುವಾಗ 3. ಇಷ್ಟಕ್ಕೆ ಅರ್ಧ ದಿನವಾ ಅನಿಸುತ್ತದೆ ಅಲ್ವಾ? ನಡಿಗೆಯ ಸಮಯ ಲೆಕ್ಕ ಹಾಕಲು ಸ್ಕಾಟ್ಲೆಂಡಿನ ವಿಲಿಯಂ ನೈಸ್ಮಿತ್ ಅನ್ನುವವರು 1892ರಲ್ಲಿ ಒಂದು ಸೂತ್ರ ಕೊಟ್ಟಿದ್ದರು. ಸುಮಾರು 5 ಕಿಲೋಮೀಟರಿಗೆ ಒಂದು ಗಂಟೆ, 600 ಮೀಟರ್ ಏರಿದರೆ ಮತ್ತೊಂದು ಗಂಟೆ. ಚಾರಣದವರು ಈಗಲೂ ಇದನ್ನು ಬಳಸುತ್ತಾರೆ. ಆದರೆ ಅದು ಒಳ್ಳೆಯ ಕಾಲುದಾರಿಯ ಲೆಕ್ಕ. ಕಮರಿಯಲ್ಲಿ ಒಂದೊಂದು ಬಂಡೆ ನೋಡಿ ಕಾಲಿಡಬೇಕು, ಕೈ ಊರಬೇಕು, ಹಳ್ಳ ದಾಟಬೇಕು, ಹಿಂದಿನವರಿಗೆ ಕಾಯಬೇಕು. ನಮಗೆ ಎರಡೂವರೆ ಕಿಲೋಮೀಟರ್ ಹೋಗಲು ಸುಮಾರು ಮೂರು ಗಂಟೆ ಹಿಡಿಯಿತು. ಅದೂ ಯಾರೂ ಬೀಳದೆ.

ಒಳಗೆ ಹೋಗುವ ಮೊದಲು ಗೈಡ್ ಹೇಳಿದ ಮೊದಲ ಮಾತು ಶೌಚದ ಬಗ್ಗೆ. ಹೇಳಲು ಮುಜುಗರ, ಆದರೆ ಬೇಕಾದ ಮಾತು. ಕಾಡಿನಲ್ಲಿ ಮಲ ಮೂತ್ರಕ್ಕೆ ನೀರಿನಿಂದ 60 ಮೀಟರ್ ಆದರೂ ದೂರ ಹೋಗಬೇಕು ಅಂತ ನಿಯಮ. ಕಮರಿಯ ಅಗಲವೇ ಅಷ್ಟಿರುವುದಿಲ್ಲ. ಆದ್ದರಿಂದ ಅದೆಲ್ಲ ಹೊರಗೇ ಮುಗಿಸಿಕೊಂಡು ಒಳಗೆ ಹೋಗಿ. ಎರಡನೇ ಮಾತು ಫೋನ್ ಬಗ್ಗೆ. ಒಳಗೆ ಸಿಗ್ನಲ್ ಇರಲಿಲ್ಲ. ಬಂಡೆಗೋಡೆಗಳು ಆಕಾಶವನ್ನು ಮುಚ್ಚುವುದರಿಂದ ಜಿಪಿಎಸ್ ಕೂಡ ತಪ್ಪು ತೋರಿಸುತ್ತದೆ. ಎಷ್ಟು ಗಂಟೆಗೆ ವಾಪಸ್ ಬರುತ್ತೀರಿ ಅಂತ ಮನೆಯಲ್ಲಿ ಹೇಳಿ ಬನ್ನಿ. ಕುತ್ತಿಗೆಗೆ ಒಂದು ಸೀಟಿ ಕಟ್ಟಿಕೊಳ್ಳಿ. ನಿಮಿಷಕ್ಕೆ ಆರು ಸಲ ಊದುವುದು, ಒಂದು ನಿಮಿಷ ನಿಲ್ಲಿಸುವುದು, ಮತ್ತೆ ಆರು ಸಲ ಊದುವುದು. ಸಹಾಯ ಬೇಕು ಅಂತ ಬೆಟ್ಟ ಹತ್ತುವವರು ಹೀಗೇ ತಿಳಿಸುತ್ತಾರೆ. ನೀರಿನ ಸದ್ದಿನಲ್ಲಿ ಕೂಗಿದರೆ ಕೇಳಿಸುವುದಿಲ್ಲ. ಸೀಟಿ ಕೇಳಿಸುತ್ತದೆ.

ಶೂ ಹೊಸದು ಬೇಡ. ಹತ್ತಿಪ್ಪತ್ತು ಸಲ ಹಾಕಿ ಪಳಗಿದ, ರಬ್ಬರ್ ಅಡಿಯ ಶೂ ಸಾಕು. ಅಡಿ ಸವೆದಿದ್ದರೆ ಮಾತ್ರ ಬೇಡವೇ ಬೇಡ. ಒಣ ಬಂಡೆಯ ಮೇಲೆ ಸಿಗುವ ಹಿಡಿತ ಪಾಚಿ ಹಿಡಿದ ಒದ್ದೆ ಬಂಡೆಯ ಮೇಲೆ ಸಿಗುವುದಿಲ್ಲ. ಹಿಂದಿನ ರಾತ್ರಿ ಕಾಲಿನ ಉಗುರು ಕತ್ತರಿಸಿಕೊಳ್ಳಿ, ಇಳಿಯುವಾಗ ಬೆರಳುಗಳು ಶೂವಿನ ತುದಿಗೆ ಒತ್ತುತ್ತವೆ. ಜೀನ್ಸ್ ಹಾಕಬೇಡಿ. ಒದ್ದೆಯಾದರೆ ಭಾರ, ಒಣಗುವುದೂ ಇಲ್ಲ. ಬೇಗ ಒಣಗುವ ಪ್ಯಾಂಟ್, ಉದ್ದ ತೋಳಿನ ಅಂಗಿ, ಬ್ಯಾಗಿನಲ್ಲಿ ಪ್ಲಾಸ್ಟಿಕ್ ಕವರಿನೊಳಗೆ ಒಂದು ಬೆಚ್ಚನೆಯ ಅಂಗಿ. ಕುಡಿಯುವ ನೀರು ಮನೆಯಿಂದಲೇ ತನ್ನಿ. ಹಳ್ಳದ ನೀರು ಎಷ್ಟೇ ತಿಳಿಯಾಗಿದ್ದರೂ ಕುದಿಸದೆ ಅಥವಾ ಶುದ್ಧ ಮಾಡದೆ ಕುಡಿಯಬೇಡಿ. ಹೊಟ್ಟೆ ಕೆಡಿಸುವ ಜೀವಿಗಳು ಕಣ್ಣಿಗೆ ಕಾಣುವುದಿಲ್ಲ.

ಒಳಗೆ ನೂರು ಹೆಜ್ಜೆ ಹಾಕುವಷ್ಟರಲ್ಲೇ ಗಾಳಿ ಬದಲಾಯಿತು. ಹೊರಗೆ ಬೆವರುತ್ತಿದ್ದವರು ಇಲ್ಲಿ ತೋಳು ಉಜ್ಜಿಕೊಳ್ಳತೊಡಗಿದೆವು. ತಣ್ಣನೆಯ ಗಾಳಿ ಭಾರ, ಅದು ಇಳಿದು ತಳದಲ್ಲಿ ನಿಲ್ಲುತ್ತದೆ. ಬಿಸಿಲು ತಳ ಮುಟ್ಟುವುದು ನಡುಮಧ್ಯಾಹ್ನದ ಸ್ವಲ್ಪ ಹೊತ್ತು ಮಾತ್ರ. ಅದಕ್ಕೇ ಗೋಡೆಯ ತುಂಬಾ ಜರಿಗಿಡ, ಪಾಚಿ. ಹಿಡಿದುಕೊಳ್ಳಲು ಕೈ ಚಾಚಿದರೆ ಅಂಗೈಗೆ ಒದ್ದೆ ಮೆತ್ತೆ ಸಿಗುತ್ತದೆ. ದಯವಿಟ್ಟು ಅದನ್ನು ಹಿಡಿದು ಹತ್ತಬೇಡಿ. ಪಾಚಿಗೆ ನಿಜವಾದ ಬೇರಿಲ್ಲ, ಹಿಡಿ ಹಿಡಿಯಾಗಿ ಕಿತ್ತು ಬರುತ್ತದೆ. ಮತ್ತೆ ಅಷ್ಟು ಬೆಳೆಯಲು ವರ್ಷಗಳೇ ಬೇಕು. ನೀವೂ ಬೀಳುತ್ತೀರಿ.

ನನಗೆ ಬಹಳ ಇಷ್ಟವಾದದ್ದು ಒರಳುಗುಂಡಿಗಳು. ಹಳ್ಳದ ಅಂಚಿನ ಗಟ್ಟಿ ಬಂಡೆಯಲ್ಲಿ, ಯಾರೋ ಕೂತು ಕಡೆದ ಹಾಗೆ, ಗುಂಡಗೆ ನುಣ್ಣಗೆ ಇಳಿದ ಗುಂಡಿಗಳು. ಗೈಡ್ ನನಗೆ, "ಒಂದರೊಳಗೆ ಕೈ ಹಾಕಿ" ಅಂದರು. ಮೊಣಕೈವರೆಗೆ ಹೋಯಿತು. ತಳದಲ್ಲಿ ನಾಲ್ಕೈದು ಕಲ್ಲು, ನಿಂಬೆಹಣ್ಣಿನ ಗಾತ್ರ, ಒಂದಕ್ಕೂ ಮೂಲೆ ಇಲ್ಲ. ನೀರು ಜೋರಾದಾಗ ಸುಳಿಗೆ ಸಿಕ್ಕ ಈ ಕಲ್ಲುಗಳು ಅಲ್ಲೇ ಗಿರಗಿರ ತಿರುಗಿ ಬಂಡೆಯನ್ನು ಅರೆಯುತ್ತವೆ. ಅರೆದು ಅರೆದು ತಾವೂ ಸವೆಯುತ್ತವೆ. ಇಡೀ ಕಮರಿ ಆದದ್ದೂ ಹೆಚ್ಚು ಕಡಿಮೆ ಹೀಗೆಯೇ. ಮರಳು, ಕಲ್ಲು ಹೊತ್ತ ನೀರು ತಳವನ್ನು ಕೊರೆಯುತ್ತಾ ಹೋಯಿತು. ಬಂಡೆ ಗಟ್ಟಿಯಾದ್ದರಿಂದ ಪಕ್ಕದ ಗೋಡೆಗಳು ಅಷ್ಟು ಬೇಗ ಕುಸಿಯಲಿಲ್ಲ. ಕಲ್ಲನ್ನು ವಾಪಸ್ ಅದೇ ಗುಂಡಿಗೆ ಹಾಕಿದೆ. ಯಾರೂ ಮನೆಗೆ ತರಬೇಡಿ, ಅದರ ಕೆಲಸ ಇನ್ನೂ ಮುಗಿದಿಲ್ಲ.

ಇನ್ನೊಂದು ಕಡೆ ನೀರು ಸದ್ದಿಲ್ಲದೆ ಮಡುಗಟ್ಟಿತ್ತು. ಅಲ್ಲಿ ಗೈಡ್ ನಮ್ಮನ್ನು ಬೇರೆ ಬೇರೆ ಬಂಡೆಗಳ ಮೇಲೆ ಕೂರಿಸಿ, ಹದಿನೈದು ನಿಮಿಷ ಮಾತೂ ಬೇಡ, ಫೋನೂ ಬೇಡ ಅಂದರು. ಮೊದಲ ಐದು ನಿಮಿಷ ಏನೂ ಇಲ್ಲ. ಸುಮ್ನೆ ಕೂತಿದ್ದೆ. ಆಮೇಲೆ ಒಂದೊಂದೇ ಶುರುವಾಯಿತು. ಜರಿಗಿಡದ ತುದಿಯಿಂದ ಹನಿ ಬೀಳುವ ಸದ್ದು. ಕಾಲ ಹತ್ತಿರ ಕಲ್ಲು ಅಂತ ನಾನು ಅಂದುಕೊಂಡಿದ್ದು ಕಪ್ಪೆ, ಅದರ ಗಂಟಲು ಮಿಡಿಯುತ್ತಿತ್ತು. ಒಂದು ಪುಟ್ಟ ಹಕ್ಕಿ ಇಳಿದು ಬಂದು, ನಮ್ಮಿಂದ ಎರಡು ಮಾರು ದೂರದಲ್ಲಿ ರೆಕ್ಕೆ ಬಿಚ್ಚಿ ಸ್ನಾನ ಮಾಡಿ ಹೋಯಿತು. ನಿಮ್ಮ ಗೈಡ್ ಇದನ್ನು ಮಾಡಿಸದಿದ್ದರೆ ನೀವೇ ಕೇಳಿ ಮಾಡಿಸಿಕೊಳ್ಳಿ. ಫೋಟೋಗಿಂತ ಇದು ಜಾಸ್ತಿ ನೆನಪಿರುತ್ತದೆ.

ಕೂರುವ ಜಾಗವನ್ನೂ ನೋಡಿ ಆರಿಸಬೇಕು. ಗೋಡೆಯ ಮೇಲೆ ಹೊಸದಾಗಿ ಸಿಗಿದ ಹಾಗೆ ಬಿಳಿ ಗುರುತಿದ್ದು, ಕೆಳಗೆ ಮೊನಚು ಕಲ್ಲುಗಳ ರಾಶಿ ಇದ್ದರೆ ಅಲ್ಲಿ ನಿಲ್ಲಬೇಡಿ. ಈಚೆಗೆ ಬಂಡೆ ಉದುರಿದ ಜಾಗ ಅದು.

ಹಳ್ಳ ದಾಟಿದ್ದು ನಾಲ್ಕು ಸಲ. ಇಕ್ಕಟ್ಟಾದ ಕಡೆ ದಾಟುವುದು ಸುಲಭ ಅನಿಸುತ್ತದೆ, ಆದರೆ ಅಲ್ಲಿ ನೀರು ಆಳ, ರಭಸವೂ ಜಾಸ್ತಿ. ಅಗಲವಾಗಿ, ತಳ ಕಾಣುವಂತೆ ಹರಿಯುವ ಕಡೆ ದಾಟಿ. ಬ್ಯಾಗಿನ ಸೊಂಟದ ಪಟ್ಟಿ ಬಿಚ್ಚಿಕೊಳ್ಳಿ, ಬಿದ್ದರೆ ಬ್ಯಾಗ್ ಕಳಚಲು ಬರಬೇಕು. ಶೂ ಬಿಚ್ಚಬೇಡಿ. ಮುಖ ನೀರು ಬರುವ ಕಡೆಗೆ, ಕೋಲು ಮುಂದೆ, ಒಂದು ಕಾಲು ಊರಿದ ಮೇಲೆ ಇನ್ನೊಂದು. ರಭಸದ ನೀರು 15 ಸೆಂಟಿಮೀಟರ್ ಇದ್ದರೂ ದೊಡ್ಡವರ ಕಾಲನ್ನೇ ಎಳೆದು ಬೀಳಿಸಬಲ್ಲದು. ನೀರಿನ ವೇಗ ಎರಡರಷ್ಟಾದರೆ ಅದು ತಳ್ಳುವ ಬಲ ನಾಲ್ಕರಷ್ಟಾಗುತ್ತದೆ. ಮಂಡಿಯಷ್ಟೇ ಇದೆ ಅಂತ ಹಗುರವಾಗಿ ಕಾಣಬೇಡಿ.

ನಾಲ್ಕನೇ ಸಲ ದಾಟಿದ ಮೇಲೆ ತಿಂಡಿಗೆ ಕೂತೆವು. ಕೂರುವ ಮೊದಲು ಗೈಡ್ ನೀರಿನ ಅಂಚಿನಲ್ಲಿ ಒಂದು ಬಿಳಿ ಕಲ್ಲು ಇಟ್ಟಿದ್ದರು. ನಿಂತ ಕಡೆಯಲ್ಲೆಲ್ಲ ಹೀಗೆ ಇಡುವುದು ನೋಡಿದ್ದೆ, ಯಾಕೆ ಅಂತ ಕೇಳಿರಲಿಲ್ಲ. ಕಮರಿಯ ತುದಿಯ ಕೊಳ ಇನ್ನು ಅರ್ಧ ಕಿಲೋಮೀಟರ್. ಎಲ್ಲರೂ ಅದಕ್ಕಾಗಿಯೇ ಬಂದವರು. ಹತ್ತು ನಿಮಿಷ ಆಗಿರಬಹುದು, ಗೈಡ್ ತಿನ್ನುವುದು ನಿಲ್ಲಿಸಿ ನೀರು ನೋಡತೊಡಗಿದರು. ನಾನೂ ನೋಡಿದೆ. ಸಣ್ಣ ಕಡ್ಡಿ, ಹಸಿರೆಲೆ, ತೊಗಟೆಯ ಚೂರು ತೇಲಿ ಬರುತ್ತಿತ್ತು. ಅಷ್ಟು ಹೊತ್ತು ಒಂದು ಎಲೆಯೂ ಬಂದಿರಲಿಲ್ಲ. ಬಿಳಿ ಕಲ್ಲಿನ ಸುತ್ತ ನೀರಿತ್ತು. "ಮುಗಿಸಿ, ಏಳಿ. ವಾಪಸ್ ಹೋಗೋಣ" ಅಂದರು. ದನಿ ಏರಿಸಲಿಲ್ಲ. ಒಬ್ಬರು, "ಇಷ್ಟು ಹತ್ತಿರ ಬಂದಿದ್ದೇವಲ್ಲ, ಹತ್ತು ನಿಮಿಷ ನೋಡಿ ಬರೋಣ" ಅಂತ ಕೇಳಿದರು. ಗೈಡ್ ಕಲ್ಲು ತೋರಿಸಿದರು. ಆಗಲೇ ಅದು ಪೂರ್ತಿ ಮುಳುಗಿತ್ತು.

ಇಳಿಯುವ ದಾರಿಯಲ್ಲಿ ಅವರು ಎಲ್ಲೂ ಓಡಿಸಲಿಲ್ಲ. ದಾಟುವ ಪ್ರತಿ ಕಡೆಯಲ್ಲೂ ಹಗ್ಗ ಹಿಡಿದು ನಿಂತರು. ನೀರು ಇದ್ದಕ್ಕಿದ್ದ ಹಾಗೆ ಕೆಂಪಾದರೆ, ಇಲ್ಲವೇ ಮೇಲಿನಿಂದ ಗುಡುಗಿದಂಥ ಸದ್ದು ಬಂದರೆ, ಕೆಳಗೆ ಓಡಬೇಡಿ, ಇದ್ದಲ್ಲಿಂದಲೇ ಮೇಲೆ ಹತ್ತಿ ಅಂದರು. ನೀರಿನ ಜೊತೆ ಓಡಿ ಗೆಲ್ಲಲು ಆಗುವುದಿಲ್ಲ. ಹತ್ತಬಹುದಾದ ಜಾಗಗಳನ್ನು ಹೋಗುವಾಗಲೇ ಒಂದೊಂದಾಗಿ ತೋರಿಸಿದ್ದರು. ಇಲ್ಲೊಂದು ಮಣ್ಣಿನ ದಿಬ್ಬ, ಅಲ್ಲೊಂದು ಬಂಡೆಯ ಮೆಟ್ಟಿಲು. ಹೋಗುವಾಗ ಅವು ಸುಮ್ಮನೆ ಮಾತಿಗೆ ಹೇಳಿದ್ದು ಅಂತ ಕೇಳಿಸಿಕೊಂಡಿದ್ದೆ. ಬರುವಾಗ ನನ್ನ ಕಣ್ಣು ಅವನ್ನೇ ಹುಡುಕುತ್ತಿತ್ತು. ನೀವು ಹೋದಾಗ ಹೋಗುವಾಗಲೇ ಗುರುತಿಟ್ಟುಕೊಳ್ಳಿ.

ಕೊನೆಯ ಸಲ ದಾಟುವಾಗ ಮಂಡಿವರೆಗೆ ಇದ್ದ ನೀರು ತೊಡೆ ಮುಟ್ಟಿತ್ತು. ಹನ್ನೆರಡೂವರೆಗೆ ಹೊರಗಿದ್ದೆವು. ಅಲ್ಲಿ ಬಿಸಿಲಿತ್ತು. ಹಿಂದಿನ ಬೆಟ್ಟದ ತಲೆಯ ಮೇಲೆ ಮಾತ್ರ ಕಪ್ಪಗೆ ಮೋಡ ಕಟ್ಟಿ, ಮಳೆ ಪರದೆಯ ಹಾಗೆ ಇಳಿಯುತ್ತಿತ್ತು. "ಹತ್ತು ನಿಮಿಷ" ಅಂತ ಕೇಳಿದ್ದವರು ಅದನ್ನು ನೋಡಿ ಗೈಡ್‌ನ ಕೈ ಹಿಡಿದುಕೊಂಡರು.

ಗಾಡಿಯಲ್ಲಿ ಒಣ ಬಟ್ಟೆ, ಒಣ ಸಾಕ್ಸ್, ಟವೆಲ್ ಇಟ್ಟಿರಿ. ಬದಲಾಯಿಸುವಾಗ ಕಂಕುಳು, ಮಂಡಿಯ ಹಿಂದೆ, ಸೊಂಟದ ಪಟ್ಟಿಯ ಕೆಳಗೆ, ಕಿವಿಯ ಹಿಂದೆ ನೋಡಿಕೊಳ್ಳಿ. ಉಣ್ಣೆ ಕಚ್ಚಿದ್ದರೆ ಚಿಮುಟದಿಂದ ಚರ್ಮಕ್ಕೆ ತಾಗಿಸಿ ಹಿಡಿದು ನೇರವಾಗಿ ಎಳೆಯಬೇಕು, ತಿರುಚಬಾರದು. ಜಿಗಣೆ ಇದ್ದರೆ ಬೆಂಕಿ, ಉಪ್ಪು ಬೇಡ. ಸಣ್ಣ ತುದಿಯ ಕೆಳಗೆ ಉಗುರು ತೂರಿಸಿ ಪಕ್ಕಕ್ಕೆ ಸರಿಸಿದರೆ ಬಿಡುತ್ತದೆ. ಸ್ವಲ್ಪ ಹೊತ್ತು ರಕ್ತ ಸೋರಿದರೆ ಗಾಬರಿ ಬೇಡ. ಒತ್ತಿ ಹಿಡಿಯಿರಿ.

ಕೊಳ ಇನ್ನೂ ನೋಡಿಲ್ಲ. ಅದೇ ಗೈಡ್‌ಗೆ ಹೇಳಿಟ್ಟಿದ್ದೇನೆ. ಮೇಲೆ ಒಂದು ವಾರ ಮಳೆ ಇಲ್ಲದ ಹೊತ್ತು ನೋಡಿ ಫೋನ್ ಮಾಡುತ್ತೇನೆ ಅಂದಿದ್ದಾರೆ.