ಯೂಟ್ಯೂಬ್ ನೋಡಿ ಶಿರಾ ಕಡೆಯ ತುಪ್ಪಟ ತೊಳೆಯಬೇಡಿ

ಮನೆಯಲ್ಲೇ ತುಪ್ಪಟ, ಅಂದರೆ ಕುರಿ ಉಣ್ಣೆ, ತೊಳೆಯುವುದು ಹೇಗೆ ಅಂತ ಹುಡುಕಿದರೆ ಸಿಗುವುದೆಲ್ಲ ಮೆರಿನೊ ಅನ್ನುವ ಮೆತ್ತನೆ ಉಣ್ಣೆಯ ವಿದೇಶಿ ಕುರಿಯ ಕತೆ. ಕೈ ಸುಡುವಂಥ ನೀರು, ಟಬ್ ಮೇಲೆ ಟಬ್, ಜಿಡ್ಡು ಬಿಡುವವರೆಗೂ ಸೋಪು. ಆ ಕುರಿಗೆ ಅದು ಸರಿ. ಅದರ ಉಣ್ಣೆಯಲ್ಲಿ ಜಿಡ್ಡು ಅಷ್ಟಿರುತ್ತದೆ, ಅದು ಕರಗಬೇಕಾದರೆ ನೀರು 40 ಡಿಗ್ರಿ ದಾಟಲೇಬೇಕು. ಆದರೆ ನಮ್ಮ ಶಿರಾ, ಪಾವಗಡ ಕಡೆಯ ಕರಿಕುರಿಯ ತುಪ್ಪಟ ಕೈಗೆತ್ತಿಕೊಂಡು ನೋಡಿ. ಜಿಡ್ಡು ಕಮ್ಮಿ, ಮಣ್ಣು ಜಾಸ್ತಿ, ಜೊತೆಗೆ ಉತ್ತರಾಣಿ, ನೆಗ್ಗಿಲು ಮುಳ್ಳು, ಒಣಗಿದ ಹಿಕ್ಕೆ. ಸೀದಾ ಬಿಸಿ ಸೋಪುನೀರಿಗೆ ಹಾಕಿದರೆ ಟಬ್ ತುಂಬ ಕೆಸರೇ ಆಗುವುದು.

ತುಪ್ಪಟ ಸಿಗುವುದು ಕಷ್ಟವಲ್ಲ. ಕಂಬಳಿ ನೇಯುವವರು ಕಮ್ಮಿಯಾದ ಮೇಲೆ ಅದಕ್ಕೆ ಬೆಲೆಯೇ ಇಲ್ಲ, ಕತ್ತರಿಸಿದ ಕೂಲಿಯೂ ಹುಟ್ಟುವುದಿಲ್ಲ. ಕುರಿ ಸಾಕುವ ಅಣ್ಣನೊಬ್ಬರನ್ನು ಕೇಳಿದಾಗ "ತಗಂಡೋಗವ್ವ, ಬೇಲಿಗೆ ಎಸೀತಿದ್ವಿ" ಅಂದರು. (ದುಡ್ಡು ಕೊಟ್ಟೇ ತನ್ನಿ, ದಯವಿಟ್ಟು.) ಒಂದು ಕುರಿಯಿಂದ ವರ್ಷಕ್ಕೆ ಸಿಗುವುದು ಸುಮಾರು ಅರ್ಧ ಕೆಜಿ ಅಷ್ಟೇ. ಮರಿಗಳ ಮೊದಲ ಸಲದ ತುಪ್ಪಟ ಮೆತ್ತಗಿರುತ್ತದೆ, ಅದನ್ನು ಬೇರೆಯಾಗಿ ಇಸ್ಕೊಳ್ಳಿ. ಸತ್ತ ಕುರಿಯದು ಮಾತ್ರ ಬೇಡವೇ ಬೇಡ. ನೆರಡಿ ರೋಗ, ಅಂದರೆ ಆಂಥ್ರಾಕ್ಸ್, ಉಣ್ಣೆಯಿಂದಲೂ ಮನುಷ್ಯರಿಗೆ ಹತ್ತುತ್ತದೆ, ಸೋಪುನೀರಿಗೆಲ್ಲ ಅದು ಸಾಯುವುದಿಲ್ಲ.

ನಿಜವಾದ ಕೆಲಸ ಇರುವುದು ಒಣಗಿದ್ದಾಗಲೇ. ಬಿಸಿಲಲ್ಲಿ ಮಹಡಿ ಮೇಲೆ ಕಬ್ಬಿಣದ ಜಾಲರಿ ಹಾಸಿ, ಮೂಗಿಗೆ ಮಾಸ್ಕ್ ಕಟ್ಟಿಕೊಂಡು, ತುಪ್ಪಟ ಹರಡಿ ಕೋಲಲ್ಲಿ ಬಡಿಯಬೇಕು, ಕೊಡವಬೇಕು, ಆಮೇಲೆ ಕೂತು ಬೆರಳಲ್ಲಿ ಬಿಡಿಸುತ್ತಾ ಮುಳ್ಳು ಆರಿಸಬೇಕು, ಇದಕ್ಕೆ ಒಂದು ಮಧ್ಯಾಹ್ನ ಹೋದರೂ ಬೇಜಾರು ಮಾಡ್ಕೋಬೇಡಿ. ಇಲ್ಲಿ ಉದುರಿದಷ್ಟು ಮಣ್ಣಿಗೆ ನೀರು ಉಳಿಯುತ್ತದೆ. ಬೇಸಿಗೆಯಲ್ಲಿ ನಮ್ಮ ಕಡೆ ನೀರಿನ ಪಾಡು ಗೊತ್ತಲ್ವಾ.

ಆಮೇಲೆ ತಣ್ಣೀರು, ಸೋಪಿಲ್ಲದೆ, ರಾತ್ರಿಯಿಡೀ. ಕುರಿಯ ಬೆವರಿನ ಉಪ್ಪು ತಣ್ಣೀರಿಗೇ ಬಿಡುತ್ತದೆ. ಅದರಲ್ಲಿ ಗಿಡಕ್ಕೆ ಬೇಕಾದ ಪೊಟ್ಯಾಷ್ ಇರುತ್ತದೆ, ಆ ಕಂದು ನೀರು ತೆಂಗಿನ ಬುಡಕ್ಕೆ. ವಾಸನೆ ಮಾತ್ರ ಪಕ್ಕದ ಮನೆಯವರಿಗೂ ತಲುಪುತ್ತದೆ.

ಇನ್ನು ಸೋಪು. ನಮ್ಮ ಬೋರ್‌ವೆಲ್ ನೀರು ಗಡಸು, ಬಾರ್ ಸೋಪು ಹಾಕಿದರೆ ಬಿಳಿ ಅಂಟು ಎದ್ದು ಎಳೆಗೆ ಮೆತ್ತಿಕೊಳ್ಳುತ್ತದೆ. ಅಂಟುವಾಳಕಾಯಿಗೆ ಆ ತೊಂದರೆ ಇಲ್ಲ. ಬೀಜ ತೆಗೆದು ಸಿಪ್ಪೆ ಕುದಿಸಿ ಸೋಸಿದ ನೀರನ್ನು ಉಗುರು ಬೆಚ್ಚಗಿಂತ ಸ್ವಲ್ಪ ಬಿಸಿ ನೀರಿಗೆ ಸೇರಿಸಿ, ತುಪ್ಪಟವನ್ನು ಮುಳುಗಿಸಿ ಸುಮ್ನೆ ಬಿಡಿ. ಉಜ್ಜಬೇಡಿ, ಕುಕ್ಕಬೇಡಿ, ಬಿಸಿಯಿಂದ ತೆಗೆದು ತಣ್ಣೀರಿಗೆ ಅದ್ದಬೇಡಿ. ಉಣ್ಣೆಯ ಎಳೆಗೆ ಮೀನಿನ ಹಾಗೆ ಸಣ್ಣ ಪೊರೆ ಇರುತ್ತದೆ, ಬಿಸಿಗೂ ಉಜ್ಜಾಟಕ್ಕೂ ಅವು ಒಂದಕ್ಕೊಂದು ಕಚ್ಚಿಕೊಂಡರೆ ಆಮೇಲೆ ಏನು ಮಾಡಿದರೂ ಬಿಡಿಸಲಾಗುವುದಿಲ್ಲ. ವಾಷಿಂಗ್ ಸೋಡಾ ಹತ್ತಿರ ತರಬೇಡಿ. ಬ್ಲೀಚ್ ಅಂತೂ ಉಣ್ಣೆಯನ್ನು ಕರಗಿಸಿಯೇ ಬಿಡುತ್ತದೆ. ಜಿಡ್ಡು ಸ್ವಲ್ಪ ಉಳಿದರೆ ಉಳಿಯಲಿ, ನೂಲುವಾಗ ಕೈಗೆ ಒಳ್ಳೆಯದು. ನೆರಳಲ್ಲಿ ಒಣಗಿಸಿ.

ಹಿಂಜುವುದಕ್ಕೆ ನಾನು ಬಳಸುವುದು ನಾಯಿ ಕೂದಲು ಬಾಚುವ ತಂತಿ ಬ್ರಷ್, ಎರಡು ಜೊತೆಗೆ ಇಟ್ಟುಕೊಂಡರೆ ಸಾಕು. ನೂಲುವುದು ತಕಲಿಯಲ್ಲಿ. ಇದರಲ್ಲಿ ಸ್ವೆಟರ್ ಹೆಣೆಯುವ ಆಸೆ ಮಾತ್ರ ಬಿಡಿ. ಮೆರಿನೊ ಎಳೆ 24 ಮೈಕ್ರಾನ್‌ಗಿಂತ ಸಣ್ಣ (ಮೈಕ್ರಾನ್ ಅಂದರೆ ಮಿಲಿಮೀಟರಿನ ಸಾವಿರದಲ್ಲೊಂದು ಪಾಲು), ನಮ್ಮದು 40 ದಾಟುತ್ತದೆ, ಕುತ್ತಿಗೆಗೆ ತಾಗಿದರೆ ಚುಚ್ಚುತ್ತದೆ. ಕೂರುವ ಚಾಪೆಗೆ, ಚೀಲಕ್ಕೆ, ಮಣೆಯ ಮೇಲೆ ಹಾಸುವುದಕ್ಕೆ ಇದರಷ್ಟು ಗಟ್ಟಿ ಬೇರೆ ಇಲ್ಲ. ಬಣ್ಣವೂ ಹಾಕಬೇಕಿಲ್ಲ, ಕಪ್ಪು ಕಪ್ಪೇ. ನೇಯುವುದಾದರೆ ಹಾಸಿನ ನೂಲಿಗೆ, ಅಂದರೆ ಮಗ್ಗದಲ್ಲಿ ಉದ್ದಕ್ಕೆ ಕಟ್ಟುವ ನೂಲಿಗೆ, ಹುಣಸೆ ಬೀಜದ ಗಂಜಿ ಬಳಿಯಬೇಕು, ಕಂಬಳಿಯವರು ಮಾಡುವ ಹಾಗೆ. ಅದು ಇನ್ನೊಂದು ದಿನದ ಮಾತು.

ಬಾಲದ ಹತ್ತಿರದ ಗಲೀಜು ತುಪ್ಪಟವನ್ನು ತೊಳೆಯಲೇ ಹೋಗಬೇಡಿ, ಗಿಡದ ಪಾತಿಗೆ ಹಾಸಿ. ನೀರು ಹಿಡಿದುಕೊಳ್ಳುತ್ತದೆ, ನಿಧಾನಕ್ಕೆ ಕೊಳೆತು ಸಾರಜನಕ ಕೊಡುತ್ತದೆ. ಹಾಗೇ, ಹಿಂದೆ ಉಣ್ಣೆ ಹಿಂಜುತ್ತಿದ್ದ ದೊಡ್ಡ ಬಿಲ್ಲು ಮಧುಗಿರಿ, ಶಿರಾ ಕಡೆ ಯಾರ ಮನೆ ಅಟ್ಟದಲ್ಲಾದರೂ ಇದ್ದರೆ ಹೇಳಿ, ಬಂದು ನೋಡುತ್ತೇನೆ.